ಹೋಗಿ ನೋಡಿದವರು ಉಂಟಾ ಮಾರಾಯ?

ನಕ್ಷತ್ರ ಸಿಡಿಯುವಾಗ ಅದರೊಳಗೆ ನ್ಯೂಕ್ಲಿಯಸ್‌ಗಳು, ಅಂದರೆ ಪರಮಾಣುವಿನ ನಡುವಿನ ತಿರುಳುಗಳು, ಒಂದಕ್ಕೊಂದು ಬಡಿದು ಬೇರೆಯೇ ಆಗಿಬಿಡುತ್ತವೆ. ಅದು ಎಷ್ಟು ಬೇಗ ನಡೆಯುತ್ತದೆ ಅಂತ ಅಳೆಯುವುದು ನನ್ನ ಕೆಲಸ. ಊರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಅಷ್ಟು ಕೋಟಿ ಡಿಗ್ರಿ ಅಂತೀಯಲ್ಲ, ಹೋಗಿ ನೋಡಿದವರು ಉಂಟಾ?"

ಇಲ್ಲ. ಯಾರೂ ಹೋಗಿಲ್ಲ. ಇನ್ನು ಬಾಯಲ್ಲಿ ಹೇಳಲು ನನ್ನಿಂದಾಗದು, ಇದನ್ನೇ ಓದಿ.

ಕಳೆದ ಸಲ ಕೇಳಿದ್ದು ಸೋದರಮಾವ, ಉಡುಪಿಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ. ಸುಮ್ನೆ ಏನೋ ಬರೆದು ಸಂಬಳ ತಗೊಳ್ತೀ ಅಲ್ವಾ ಅನ್ನುವ ಧಾಟಿ. ಅಷ್ಟರಲ್ಲಿ ಸಾರು ಬಂತು. "ಸಾರು ಬಿಸಿ ಅಂತ ಮುಟ್ಟದೆಯೇ ಗೊತ್ತಾಗಲ್ವಾ ಮಾವ?" ಅಂದೆ. ಮಾವ ಬಡಿಸಿಕೊಂಡು ಕಲಸಿ, "ತಣ್ಣಗುಂಟು" ಅಂದರು. ಎದುರು ಸಾಲಿನವರೆಲ್ಲ ನಕ್ಕರು.

ಸಾರು ಬಿಡಿ. ಬಿಸಿ ಅಂದರೆ ಕಣಗಳ ಓಟ, ಅಷ್ಟೆ. ನ್ಯೂಕ್ಲಿಯಸ್‌ಗಳು ಒಂದನ್ನೊಂದು ದೂಡುತ್ತವೆ. ಜೋರಾಗಿ ಓಡಿ ಬಂದರೆ ಸೇರುವ ಸಾಧ್ಯತೆ ಜಾಸ್ತಿ. ಉತ್ತರ ಕಿರೀಟ ನಕ್ಷತ್ರಪುಂಜದಲ್ಲಿ ಒಂದು ಶ್ವೇತಕುಬ್ಜ ಇದೆ, ಅಂದರೆ ಉರಿದು ಮುಗಿದ ನಕ್ಷತ್ರದ ಉಳಿದ ಗಟ್ಟಿ ತಿರುಳು. ಪಕ್ಕದ ಕೆಂಪು ದೈತ್ಯ ಅನ್ನುವ ಉಬ್ಬಿದ ನಕ್ಷತ್ರದ ಹೈಡ್ರೋಜನ್ ಎಳೆದು ಮೈಮೇಲೆ ಹೇರಿಕೊಳ್ಳುತ್ತದೆ, ಅದು ಹೆಚ್ಚಾದಾಗ ಹೊತ್ತಿಕೊಳ್ಳುತ್ತದೆ. 1866ರಲ್ಲಿ ಹೊತ್ತಿತ್ತು, 1946ರಲ್ಲಿ ಮತ್ತೆ. ಇಂಥವಕ್ಕೆ ನೋವಾ ಅನ್ನುತ್ತಾರೆ. ಅಲ್ಲಿನ ಬಿಸಿ 20-30 ಕೋಟಿ ಡಿಗ್ರಿವರೆಗೆ ಏರುತ್ತದೆ. ಅದರಲ್ಲಿ ಫ್ಲೋರಿನ್-18 ಅನ್ನುವ ವಿಕಿರಣಶೀಲ ಫ್ಲೋರಿನ್ ಹುಟ್ಟುತ್ತದೆ. ಅದಕ್ಕೆ ಪ್ರೋಟಾನ್, ಅಂದರೆ ಹೈಡ್ರೋಜನ್‌ನ ನ್ಯೂಕ್ಲಿಯಸ್, ಬಡಿದರೆ ಆಕ್ಸಿಜನ್-15 ಆಗಿ ಹೋಗುತ್ತದೆ. ಪೆಟ್ಟು ತಿನ್ನದೆ ಎಷ್ಟು ಉಳಿಯಿತು ಅನ್ನುವುದೇ ನನ್ನ ತಲೆನೋವು.

ಇದನ್ನು ಅಳೆಯಲು ಪ್ರಯೋಗಾಲಯವನ್ನು ಕಾಯಿಸಬೇಕಾಗಿಲ್ಲ. ಫ್ಲೋರಿನ್-18ಕ್ಕೆ ಆ ಓಟ ಕೊಟ್ಟರೆ ಸಾಕು. ಸೆಕೆಂಡಿಗೆ ಕೆಲವು ಸಾವಿರ ಕಿಲೋಮೀಟರ್ ವೇಗದಲ್ಲಿ ಅದನ್ನು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಯಿಸುತ್ತೇವೆ. ಹೌದು, ಪ್ಲಾಸ್ಟಿಕ್. ಅದರಲ್ಲಿ ಹೈಡ್ರೋಜನ್ ಇರುತ್ತದೆ, ಬಡಿಯಲು ಬೇಕಾದ ಪ್ರೋಟಾನ್ ಅದೇ. ನಾವು ಕೂರುವ ಕೋಣೆಯಲ್ಲಿ ಏಸಿ ಚಳಿಗೆ ಸ್ವೆಟರ್ ಬೇಕು.

ಮಾವ ಹೋದ ವರ್ಷ ಮಂಗಳೂರಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿದ್ದರು. ಕೈಗೆ ಚುಚ್ಚಿದ್ದು ಇದೇ ಫ್ಲೋರಿನ್-18 ಸೇರಿಸಿದ ಸಕ್ಕರೆ. 110 ನಿಮಿಷಕ್ಕೆ ಅರ್ಧ ಇಲ್ಲವಾಗುವ ವಸ್ತು. ಅದರಿಂದ ಬರುವ ಗಾಮಾ ಕಿರಣ ಹಿಡಿದೇ ಹೊಟ್ಟೆಯೊಳಗಿನ ಚಿತ್ರ ಮಾಡುವುದು. ಒಳಗೆ ಹೋಗಿ ನೋಡಿದವರು ಉಂಟಾ ಅಂತ ಆವತ್ತು ಮಾವ ಕೇಳಲಿಲ್ಲ. ರಿಪೋರ್ಟ್ ಒಳ್ಳೆಯದೇ ಬಂತು, ಮದುವೆ ಮನೆಯಲ್ಲಿ ನಾನೂ ಆ ಮಾತು ಎತ್ತಲಿಲ್ಲ.

"ಎಷ್ಟು ಸಲ ತಾಗಿತು?" ಅಂತ ಯಾರಾದರೂ ಕೇಳಬಾರದಾ? ಪಾಯಸ ಮುಗಿಯುವ ತನಕ ಹೇಳುತ್ತಿದ್ದೆ. ಸೆಕೆಂಡಿಗೆ ಲಕ್ಷಗಟ್ಟಲೆ ಹಾಯಿಸಿದರೂ ಹೆಚ್ಚಿನವು ಏನೂ ಆಗದೆ ದಾಟಿ ಹೋಗುತ್ತವೆ. ವೇಗ ಇಳಿಸಿದಾಗಂತೂ ವಾರವಿಡೀ ಕೂತರೆ ಸಿಗುವುದು ಬೆರಳಲ್ಲಿ ಎಣಿಸುವಷ್ಟು. ಒಮ್ಮೆ ಎರಡು ರಾತ್ರಿ ಪರದೆ ಖಾಲಿಯೇ ಇತ್ತು. ಮೂರನೇ ರಾತ್ರಿ ಒಂದು ಚುಕ್ಕೆ ಬಿತ್ತು, ನಮಗೆ ಬೇಕಾದ ಜಾಗದಲ್ಲೇ.

ನಾನು ನೋಡಲಿಲ್ಲ. ಚಾ ತರಲು ಹೋಗಿದ್ದೆ.