ಸ್ಯಾಂಪಲ್ ಲೈನ್ ಮಾದರಿ: ಡಿಲೇ ಕಾಯಿಲ್‌ಗೆ ಕೆಂಪು ಶಾಯಿ ಪರೀಕ್ಷೆ

ಕೈಗಾದಂಥ ಅಣು ಸ್ಥಾವರದಲ್ಲಿ ಕೂಲಂಟ್ (ರಿಯಾಕ್ಟರಿನ ಶಾಖ ಹೊತ್ತೊಯ್ಯುವ ನೀರು) ಸ್ಯಾಂಪಲ್ ಹೇಗೆ ತೆಗೆಯುತ್ತಾರೆ ಅಂತ ತಿಳಿಯಲು ಮನೆಯಲ್ಲೇ ಒಂದು ಮಾದರಿ ಕಟ್ಟುತ್ತಿದ್ದೇನೆ. ಅದರ ಡಿಲೇ ಕಾಯಿಲ್, ಅಂದರೆ ನೀರು ತಡವಾಗಿ ಹೊರಬರುವಂತೆ ಮಾಡುವ ಉದ್ದದ ಕೊಳವೆ ಸುರುಳಿ, ಈಗ ಸಿದ್ಧ. ನಿಜವಾದ ಲೈನಿನಲ್ಲಿ ಸುಮಾರು 290 ಡಿಗ್ರಿಯ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಭಾರೀ ಒತ್ತಡದಲ್ಲಿ ಬರುತ್ತದೆ. ಮೊದಲು ಅದನ್ನು ತಣಿಸಿ, ಒತ್ತಡ ಇಳಿಸಬೇಕು. ಆ ಭಾಗಕ್ಕೆ ನಾನು ಕೈ ಹಾಕಿಲ್ಲ. ನನ್ನದು ಟ್ಯಾಂಕಿನ ತಣ್ಣೀರು.

ಈ ಕಾಯಿಲ್ ಯಾಕೆ? ರಿಯಾಕ್ಟರ್ ಒಳಗೆ ನ್ಯೂಟ್ರಾನ್ ಬಡಿದು ನೀರಿನ ಆಕ್ಸಿಜನ್ ನೈಟ್ರೋಜನ್-16 ಆಗುತ್ತದೆ. ಅದರ ಗಾಮಾ ಕಿರಣ ಬಲು ಜೋರು, 6 ಎಂಇವಿಗೂ (ಕಿರಣದ ಶಕ್ತಿಯ ಅಳತೆ) ಜಾಸ್ತಿ. ಆದರೆ ಸುಮಾರು 7 ಸೆಕೆಂಡಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಸ್ಯಾಂಪಲ್ ತೆಗೆಯುವವರ ಹತ್ತಿರ ಬರುವ ಮುಂಚೆ ನೀರನ್ನು ಉದ್ದದ ಕೊಳವೆಯಲ್ಲಿ ಸುತ್ತಾಡಿಸಿದರೆ ಸಾಕು. ಇಂಧನ ಕಡ್ಡಿ ಸೋರುತ್ತಿದೆಯಾ ಅಂತ ಹೇಳುವ ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ಅದಕ್ಕೆ ಒಂದು ನಿಮಿಷದ ಸುತ್ತಾಟ ಲೆಕ್ಕಕ್ಕೇ ಇಲ್ಲ.

ನನ್ನ ಟ್ಯೂಬಿನ ಒಳವ್ಯಾಸ 6 ಮಿ.ಮೀ. ಒಂದು ಮೀಟರಿಗೆ ಸುಮಾರು 28 ಮಿ.ಲೀ. ನೀರು ಹಿಡಿಯುತ್ತದೆ. ನಿಮಿಷಕ್ಕೆ ಅರ್ಧ ಲೀಟರ್ ಬಿಟ್ಟರೆ, 18 ಮೀಟರ್ ದಾಟಲು ಒಂದು ನಿಮಿಷ. ಅಷ್ಟರಲ್ಲಿ ನೈಟ್ರೋಜನ್-16 ಸುಮಾರು 340ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಇದು ಕಾಗದದ ಮೇಲಿನ ಲೆಕ್ಕ.

ಟ್ಯೂಬನ್ನು ಅಂಗಳದಿಂದ ತೋಟದ ಬೇಲಿವರೆಗೆ ನೇರ ಹಾಸಿ, ಸಿರಿಂಜಿನಲ್ಲಿ ಕೆಂಪು ಶಾಯಿ ಬಿಟ್ಟೆ. ಅರ್ಧ ನಿಮಿಷ ದಾಟಿದ ಸ್ವಲ್ಪ ಹೊತ್ತಿಗೇ ಆ ತುದಿಯಲ್ಲಿ ಕೆಂಪು ಕಂಡಿತು! ಈ ವೇಗದಲ್ಲಿ ನೀರು ಪದರ ಪದರವಾಗಿ ಹರಿಯುತ್ತದೆ. ಗೋಡೆ ಪಕ್ಕದ್ದು ತೆವಳುತ್ತದೆ, ನಡುವಿನದು ಸರಾಸರಿಯ ಎರಡು ಪಟ್ಟು ಓಡುತ್ತದೆ. ಆ ಮುಂದೋಡಿದ ಹನಿಗೆ ಸಿಕ್ಕಿದ್ದು 30 ಸೆಕೆಂಡ್ ಅಂತಿಟ್ಟುಕೊಂಡರೆ, ಅದರಲ್ಲಿ ನೈಟ್ರೋಜನ್-16 ಇಳಿದಿದ್ದು 18ರಲ್ಲಿ ಒಂದು ಪಾಲಿಗೆ ಮಾತ್ರ. 340 ಎಲ್ಲಿ, 18 ಎಲ್ಲಿ? ಸರಾಸರಿ ನಂಬಿ ಕೂರುವಂತಿಲ್ಲ, ಅಲ್ವಾ.

ಅದೇ ಟ್ಯೂಬನ್ನು ಬಕೆಟ್ಟಿಗೆ ಸುತ್ತಿದಾಗ ಶಾಯಿ 40 ಸೆಕೆಂಡ್ ದಾಟಿದ ಮೇಲೇ ಬಂತು. ತಿರುವಿನಲ್ಲಿ ನಡುವಿನ ನೀರು ಹೊರಗೋಡೆ ಕಡೆಗೆ ತಳ್ಳಿಸಿಕೊಂಡು ಪದರಗಳು ಬೆರೆಯುತ್ತವೆ. ಸುರುಳಿ ಬರೀ ಜಾಗ ಉಳಿಸಲು ಅಂದುಕೊಂಡವರಿಗೆ ಇದನ್ನು ತೋರಿಸಬೇಕು. ಆದರೆ ಸುತ್ತಿದ ಮೇಲೆ ಹರಿವು ಕಮ್ಮಿಯಾಗುತ್ತದೆ. ನಲ್ಲಿ ಇನ್ನಷ್ಟು ತಿರುಗಿಸಿ ಮತ್ತೆ ಅರ್ಧ ಲೀಟರಿಗೆ ತಂದೇ ಅಳೆಯಬೇಕು.

ಮುಂದಿನದು ಫ್ಲಶಿಂಗ್. ಲೈನಿನಲ್ಲಿ ನಿಂತ ಹಳೇ ನೀರು ಪೂರ್ತಿ ಹೋಗದೆ ಸ್ಯಾಂಪಲ್ ಹಿಡಿದರೆ ಪ್ರಯೋಜನವಿಲ್ಲ. ಉಪ್ಪುನೀರು ತುಂಬಿಸಿ, ಆರ್‌ಓ ನೀರು ಹಾಯಿಸಿ, ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪು ಅಳೆಯುವುದು) ಎಲ್ಲಿ ನಿಲ್ಲುತ್ತದೆ ನೋಡುತ್ತೇನೆ. ಗೋಡೆ ಪಕ್ಕದ ಆ ಸೋಮಾರಿ ಪದರ ಇಲ್ಲೂ ಕಾಟ ಕೊಡುತ್ತೆ ಅನ್ನೋ ಅನುಮಾನ ಇದೆ.