ಕಣದ ಮೇಲೆ ಹೆಲಿಕಾಪ್ಟರ್: ಹದಿನಾಲ್ಕನೆಯ ವಾರ

ಬೆಟಗೇರಿಯಾಚೆ ಪರಿಚಿತರೊಬ್ಬರ ಹೊಲದಲ್ಲಿ ಕಡಲೆಯ ರಾಶಿ ಮುಗಿದು ಕಣ ಖಾಲಿಯಾದ ಮೇಲೆ ನನ್ನ ರಿಮೋಟ್ ಹೆಲಿಕಾಪ್ಟರಿನ ಅಭ್ಯಾಸಕ್ಕೆ ಒಂದು ನೆಲೆ ಸಿಕ್ಕಿದೆ. ಅದಕ್ಕೂ ಮೊದಲು ಮೂರು ವಾರ ಎರೆಹೊಲದಲ್ಲಿಯೇ ಹಾರಿಸುತ್ತಿದ್ದೆ. ಕಲಿಯುವವರು ಯಂತ್ರದ ಕಾಲಿಗೆ ಅಡ್ಡಡ್ಡವಾಗಿ ಕಟ್ಟಿಕೊಳ್ಳುವ, ತುದಿಗೆ ಪ್ಲಾಸ್ಟಿಕ್ ಚೆಂಡುಗಳಿರುವ ಕಡ್ಡಿಗಳು ನುಣುಪಾದ ನೆಲದ ಮೇಲೆ ಸಲೀಸಾಗಿ ಜಾರುತ್ತವೆ. ಎರೆಮಣ್ಣಿನಲ್ಲಿ ಮಾತ್ರ ಚೆಂಡು ಬಿರುಕಿಗೆ ಸಿಕ್ಕಿಕೊಂಡು, ಯಂತ್ರ ಏಳುವ ಮೊದಲೇ ಅದೇ ಮಗ್ಗುಲಿಗೆ ಮಗುಚಿಬಿಡುತ್ತದೆ. ಹಾಗೆ ಎರಡು ಜೊತೆ ರೆಕ್ಕೆಗಳನ್ನು ಕಳೆದುಕೊಂಡೆ. ಕಣದಲ್ಲಿ ಆ ಕಾಟವಿಲ್ಲ, ಆದರೆ ಉಳಿದ ಹೊಟ್ಟು ಮೊದಲ ದಿನವೇ ಗಿಯರುಗಳಿಗೆ ಮೆತ್ತಿಕೊಂಡಿತು. ಈಗ ಮೊದಲು ಕಸಬರಿಗೆ, ಆಮೇಲೆ ಬ್ಯಾಟರಿ.

ಇಷ್ಟು ದಿನ ನಾನು ಇಲ್ಲದ ದೋಷವನ್ನು ಹುಡುಕುತ್ತಿದ್ದೆನೆಂಬುದು ಈ ವಾರ ತಿಳಿಯಿತು. ನೆಲ ಬಿಟ್ಟ ಕೂಡಲೇ ಯಂತ್ರ ಎಡಕ್ಕೆ ಸರಿಯುತ್ತಿತ್ತು. ಸ್ವಾಶ್‌ಪ್ಲೇಟ್ (ರೆಕ್ಕೆಗಳ ಓರೆಯನ್ನು ಬದಲಿಸುವ ತಟ್ಟೆ) ಸಮತಟ್ಟಾಗಿಲ್ಲವೆಂದು ಅದರ ಲಿಂಕುಗಳನ್ನು ಮೂರು ಸಲ ಬಿಚ್ಚಿ ಜೋಡಿಸಿದೆ. ನಿಜವಾದ ಕಾರಣ ಬಾಲದ ಪಂಖದಲ್ಲಿತ್ತು. ಮೇಲಿನ ರೋಟರ್ ಗಡಿಯಾರದ ದಿಕ್ಕಿನಲ್ಲಿ ತಿರುಗುವಾಗ ಒಡಲು ಅದಕ್ಕೆದುರಾಗಿ ತಿರುಗಲು ನೋಡುತ್ತದೆ. ಅದನ್ನು ತಡೆಯಲು ಬಾಲದ ಪಂಖ ಬಾಲವನ್ನು ಎಡಕ್ಕೆ ಒತ್ತುವುದರಿಂದ, ಆ ಒತ್ತಡಕ್ಕೆ ಇಡೀ ಯಂತ್ರವೂ ಎಡಕ್ಕೆ ತೇಲುತ್ತದೆ. ಆದ್ದರಿಂದ ಒಂದೇ ಕಡೆ ನಿಂತಿರಬೇಕಾದರೆ ಅದು ತುಸು ಬಲಕ್ಕೆ ವಾಲಿರಲೇಬೇಕು, ಇಳಿಯುವಾಗ ಬಲಗಾಲೇ ಮೊದಲು ನೆಲ ಮುಟ್ಟಬೇಕು. ನನ್ನ ಯಂತ್ರ ಆರೋಗ್ಯವಾಗಿಯೇ ಇತ್ತು.

ಭಯದಿಂದ ಮೊಣಕಾಲೆತ್ತರದಲ್ಲೇ ಹಾರಿಸುತ್ತಿದ್ದುದೂ ತಪ್ಪು. ರೆಕ್ಕೆಯ ಉದ್ದ 325 ಮಿಲಿಮೀಟರ್, ರೋಟರಿನ ವ್ಯಾಸ ಸುಮಾರು 70 ಸೆಂಟಿಮೀಟರ್. ಅದಕ್ಕಿಂತ ಕೆಳಗಿದ್ದರೆ ಯಂತ್ರ ತಾನೇ ತಳ್ಳಿದ ಗಾಳಿಯ ಮೇಲೆ ತೊನೆದಾಡುತ್ತದೆ. ಎದೆಮಟ್ಟಕ್ಕೆ ಏರಿಸಿದ ದಿನವೇ ಅದು ಶಾಂತವಾಯಿತು. ನಿಮಿಷಕ್ಕೆ 2500 ಸುತ್ತು ಎಂದು ಲೆಕ್ಕ ಹಾಕಿದರೆ ರೆಕ್ಕೆಯ ತುದಿ ಗಂಟೆಗೆ 330 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆಯಾದ್ದರಿಂದ, ನಾನು ಹತ್ತು ಹೆಜ್ಜೆ ದೂರ ನಿಲ್ಲುತ್ತೇನೆ ಮತ್ತು ನೋಡಲು ಬಂದ ಮಕ್ಕಳನ್ನು ಚಕ್ಕಡಿಯ ಹಿಂದೆ ನಿಲ್ಲಿಸುತ್ತೇನೆ.

ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದಿರುವ ಜಿಲ್ಲೆಯಲ್ಲಿ ಈ ಹವ್ಯಾಸಕ್ಕೆ ಬೆಳಗಿನ ಎರಡು ತಾಸು ಬಿಟ್ಟರೆ ಹೊತ್ತಿಲ್ಲ. ಆ ಹೊತ್ತಿಗೆ ಮೂರು ಬ್ಯಾಟರಿ ಒಯ್ಯುತ್ತೇನೆ, ಒಂದೊಂದಕ್ಕೆ ಐದು ನಿಮಿಷ. ಹಾರಿಸದೆ ಉಳಿದುದನ್ನು ಸೆಲ್ ಒಂದಕ್ಕೆ 3.8 ವೋಲ್ಟಿಗೆ ಇಳಿಸಿ ಎತ್ತಿಡುತ್ತೇನೆ.

"ಸರ, ಇಷ್ಟೊತ್ತು ನಿಂತಲ್ಲೇ ನಿಲ್ಲಿಸೀರಿ, ಹಾರ್ಸೂದು ಯಾವಾಗ್ರೀ?" ಎಂದು ಹೊಲದ ಯಜಮಾನರು ಶುಕ್ರವಾರ ಕೇಳಿದರು. ಆ ಮಾತು ಚುಚ್ಚಿದ್ದರಿಂದಲೋ ಏನೋ, ಮರುದಿನ ಮೂತಿಯನ್ನು ನನ್ನತ್ತ ತಿರುಗಿಸಿದೆ. ಹಾಗೆ ತಿರುಗಿದಾಗ ಸ್ಟಿಕ್ಕನ್ನು ಬಲಕ್ಕೆ ಒತ್ತಿದರೆ ಯಂತ್ರ ತನ್ನ ಬಲಕ್ಕೆ, ಎಂದರೆ ನನ್ನ ಎಡಕ್ಕೆ ಹೋಗುತ್ತದೆ. ವಾಲಿದ ಮಗ್ಗುಲಿನತ್ತಲೇ ಸ್ಟಿಕ್ ಒತ್ತಿ ಆಸರೆ ಕೊಡಬೇಕೆಂಬುದು ಸಿಮ್ಯುಲೇಟರಿನಲ್ಲಿ ನೂರು ಸಲ ಕಲಿತ ಪಾಠ; ಕಣದಲ್ಲಿ ಬೆರಳು ಅದನ್ನು ಮರೆಯಿತು. ನೆಲ ಮುಟ್ಟುವ ಮೊದಲು ಮೋಟಾರನ್ನು ನಿಲ್ಲಿಸುವ ಥ್ರೋಟಲ್ ಹೋಲ್ಡ್ ಗುಂಡಿ ಒತ್ತಿದ್ದರಿಂದ ದೊಡ್ಡ ಗಿಯರ್ ಉಳಿದು, ರೆಕ್ಕೆ ಹಿಡಿಯುವ ಶಾಫ್ಟ್ ಮಾತ್ರ ಬಾಗಿತು.

ಶಾಫ್ಟ್ ಬದಲಾಯಿಸಿ ಭಾನುವಾರ ಹಿಂದಕ್ಕೆ ಸರಿದೆ: ಬಾಲವನ್ನು ನನ್ನತ್ತಲೇ ಇಟ್ಟು, ಮೂತಿಯನ್ನು 45 ಡಿಗ್ರಿ ಮಾತ್ರ ಹೊರಳಿಸುವುದು. ಬಲಕ್ಕೆ ಹೊರಳಿಸಿದಾಗ ಒಂದಿಡೀ ಬ್ಯಾಟರಿ ಮುಗಿಯುವವರೆಗೆ ನಿಂತಿತು. ಎಡಕ್ಕೆ ಇಪ್ಪತ್ತು ಸೆಕೆಂಡು ನಿಂತರೆ ಹೆಚ್ಚು. ಮುಂದಿನ ವಾರದ ಮೂರೂ ಬ್ಯಾಟರಿಗಳು ಅದಕ್ಕೇ ಮೀಸಲು.