ಉಸಿರೆಳೆದ ಮಾರ್ದನಿ

ಹಾಡು ನಮ್ಮ ಹಾಸ್ಟೆಲಿಗೆ ಬಂದದ್ದು ಅಡುಗೆಮನೆಯಿಂದ. ರೊಟ್ಟಿ ಬಡಿಯುವ ಅಕ್ಕ ತನ್ನ ಊರಿನಲ್ಲಿ ಭಜನೆ ಮೇಳದಾಕೆ. ಸೋಮವಾರ ಊಟವಾದ ಮೇಲೆ ದಮ್ಮಡಿ ಹಿಡಿದು ಒಂದು ನುಡಿ ಎತ್ತುತ್ತಾಳೆ, ಪಿಯುಸಿ ಹುಡುಗಿಯರು ಹಿಂದಿನಿಂದ ಅದನ್ನೇ ಹೇಳುತ್ತಾರೆ. ಹಿಮ್ಮೇಳಕ್ಕೆ ದನಿ ಚೆಂದ ಇರಬೇಕೆಂದೇನಿಲ್ಲ. ಒಬ್ಬಳ ಒಡಕು ದನಿ ಉಳಿದವರ ಸೆರಗಿನಲ್ಲಿ ಅಡಗಿಬಿಡುತ್ತದೆ.

ಇಂಡಿ ಕಡೆಯ ಹುಡುಗಿಯೊಬ್ಬಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಪ್ರಿಪರೇಟರಿ ಪರೀಕ್ಷೆಯ ಅಂಕ ಬಂದಂದಿನಿಂದ ಗೋಡೆಗೆ ಮುಖ ಮಾಡಿ ಮಲಗುವುದು, ತಾಟು ಹಾಗೇ ಬಿಟ್ಟೇಳುವುದು. ನಾನು ವಾರ್ಡನ್ ಗತ್ತಿನಲ್ಲಿ ‘ಧೈರ್ಯ ತಗೋ’ ಅಂದೆ. ಎಂಥ ಬರಿಗೊಡ್ಡು ಮಾತು! ನೋಟಿಸ್ ಬೋರ್ಡಿನಲ್ಲಿ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿಯ 14416 ಅಂಟಿಸಿದ್ದೇನೆ. ಎಲ್ಲರಿಗೂ ಬಾಯಿಪಾಠ, ಒತ್ತುವ ಬೆರಳು ಮಾತ್ರ ಏಳುವುದಿಲ್ಲ. ಕಡೆಗೆ ಆಕೆಯ ಅಪ್ಪನೊಡನೆ ಮಾತಾಡಿ, ಮಂಗಳವಾರ ಮನೋವೈದ್ಯರ ಹತ್ತಿರ ಹೋಗುವುದೆಂದು ಗೊತ್ತುಮಾಡಿದೆ.

ಅದರ ಹಿಂದಿನ ಭಾನುವಾರ ನಸುಕಿನಲ್ಲೇ ಎಲ್ಲರೂ ಗೋಳಗುಮ್ಮಟಕ್ಕೆ ನಡೆದೆವು. ಮೂಲೆಯ ಗೋಪುರದ ಇಕ್ಕಟ್ಟು ಮೆಟ್ಟಿಲಲ್ಲಿ ಏಳು ಅಂತಸ್ತು ಹತ್ತಿ, ಗೋಡೆಗೆ ಪಿಸುಗುಟ್ಟಿದರೂ ಆಚೆ ದಡಕ್ಕೆ ಕೇಳುವ ಮೇಲಿನ ಗ್ಯಾಲರಿಗೆ ಬಂದಾಗ ಪ್ರವಾಸಿಗರ ಕೂಗಾಟ ಇನ್ನೂ ಶುರುವಾಗಿರಲಿಲ್ಲ. ಅಕ್ಕ ನುಡಿ ಎತ್ತಿದಳು. ನಾವು ಬಾಯಿ ತೆರೆಯುವಷ್ಟರಲ್ಲಿ ಗುಮ್ಮಟವೇ ಹಿಮ್ಮೇಳ ಹಿಡಿದುಬಿಟ್ಟಿತು! ಏಳು ಸಲ ಮಾರ್ದನಿ ಎಂದು ನಾವು ವಿಜಯಪುರದವರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುವ ಜಾಗ. ಎರಡನೆಯ ಸಾಲಿಗೆ ಮೊದಲನೆಯದು ಬಂದು ಡಿಕ್ಕಿ ಹೊಡೆಯಿತು. ತಾಳ ಎಲ್ಲೋ, ಪದ ಎಲ್ಲೋ.

“ಅಯ್ಯ, ಇದೇನ್ ಸಂತಿ ಆತಲ್ಲವ್ವಾ!” ಅಂದಳು ಅಕ್ಕ. ಆ ಮಾತೂ ಏಳು ಸಲ.

ನಕ್ಕು ಸುಸ್ತಾಗಿ ಪದ ಬಿಟ್ಟೆವು. ಗೋಡೆಗುಂಟ ಸುತ್ತಲೂ ನಿಂತು, ಬಾಯಿ ಮುಚ್ಚಿ, ಉಸಿರು ತೀರುವತನಕ ಬರೀ ಒಂದು ಸ್ವರ. ಒಬ್ಬಳದು ಮುಗಿದಲ್ಲಿ ಇನ್ನೊಬ್ಬಳದು. ಅದು ಗುಮ್ಮಟ ತುಂಬಿ ನಮ್ಮ ಎದೆಗೂಡಿಗೇ ಮರಳಿತು. ಸ್ವೀಡನ್ನಿನಲ್ಲಿ 18ರ ಹರೆಯದವರನ್ನು ಕೂಡಿ ಹಾಡಿಸಿ ಎದೆಬಡಿತ ಅಳೆದು, 2013ರಲ್ಲಿ ವರದಿ ಬರೆದಿದ್ದರು: ಹಾಡು ಎಲ್ಲರ ಉಸಿರನ್ನು ಒಂದೇ ಲಯಕ್ಕೆ ಕಟ್ಟಿದಾಗ ಬಡಿತದ ಏರಿಳಿತವೂ ಒಂದಾಗುತ್ತದೆ, ಉಸಿರು ಉದ್ದಕ್ಕೆ ಬಿಡುವಾಗ ಬಡಿತ ನಿಧಾನವಾಗುತ್ತದೆ ಎಂದು. ಓದಿದ್ದೆ, ಅಷ್ಟಾಗಿ ನಂಬಿರಲಿಲ್ಲ.

ಎಲ್ಲರೂ ನಿಲ್ಲಿಸಿದ ಮೇಲೂ ನನ್ನ ಕಿವಿ ಪಕ್ಕದ ಗೋಡೆಯಲ್ಲಿ ಸಣ್ಣದೊಂದು ಸ್ವರ ಉಳಿದಿತ್ತು. ಮಾರ್ದನಿ ಅಂದುಕೊಂಡೆ. ಅದು ನಡುವೆ ಉಸಿರು ಎಳೆದುಕೊಂಡಿತು! ತಲೆಯೆತ್ತಿದರೆ ಆಚೆ ದಡದಲ್ಲಿ, ನನಗೆ ಸರೀ ಎದುರಿಗೆ, ಇಂಡಿಯ ಹುಡುಗಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕರೆಯಲಿಲ್ಲ. ಕಿವಿಯನ್ನು ಗೋಡೆಗೆ ಇನ್ನಷ್ಟು ಒತ್ತಿದೆ.

ಮಂಗಳವಾರ ಡಾಕ್ಟರ ಹತ್ತಿರ ಹೋದೆವು. ಔಷಧಿ ಬರೆದರು, ಪ್ರತಿ ವಾರ ಬಂದು ಮಾತಾಡಲು ಹೇಳಿದರು. ಅದಕ್ಕೂ ಮೊದಲು, ಹೊರಗೆ ಬೆಂಚಿನ ಮೇಲೆ ಪಾಳಿಗೆ ಕಾಯುವಾಗ, ಆಕೆ ಬಾಯಿ ಮುಚ್ಚಿಕೊಂಡೇ ಆ ಸ್ವರ ಹಿಡಿದಿದ್ದಳು. ಕಾಂಪೌಂಡರ್ ಎರಡು ಸಲ ತಲೆಯೆತ್ತಿ ಫ್ಯಾನು ನೋಡಿದ.